ದಾವಣಗೆರೆಯಿಂದ ಹರಿಹರಕ್ಕೆ ಲೈನ್ ಕ್ಲಿಯರ್: ಕ್ಯಾಬಿನ್ ಕೆಲಸ ಕಲಿಯುವವರಿಗೆ ಯಶಸ್ಸಿನ ಸೂತ್ರಗಳು

ಕಂಪ್ಯೂಟರಿನಲ್ಲಿ ರೈಲಿನ ಆಟ ಎಂದರೆ ಹೆಚ್ಚಿನವರಿಗೆ ಎಂಜಿನ್ನಿನ ಸೀಟು, ಹಾರ್ನು, ಬ್ರೇಕು ನೆನಪಾಗುತ್ತವೆ. ಅದಕ್ಕಿಂತ ಆಳದ ಆಟವೊಂದಿದೆ. ಅದರಲ್ಲಿ ಎಂಜಿನ್ ಮುಟ್ಟುವ ಮಾತೇ ಇಲ್ಲ. ಕ್ಯಾಬಿನ್‌ನಲ್ಲಿ ಕೂತು ಪಾಯಿಂಟ್ ತಿರುಗಿಸಬೇಕು, ಸಿಗ್ನಲ್ ಕೊಡಬೇಕು, ಯಾವ ಗಾಡಿ ಮೊದಲು ಯಾವುದು ಆಮೇಲೆ ಎಂದು ತೀರ್ಮಾನಿಸಬೇಕು. ಬ್ರಿಟನ್ನಿನ ಸಿಗ್ನಲ್ ಕೇಂದ್ರಗಳನ್ನು ತೆರೆಯ ಮೇಲೆ ತಂದಿರುವ ಸಿಮ್‌ಸಿಗ್ ಈ ಬಗೆಯಲ್ಲಿ ಹೆಸರುವಾಸಿ. ಟಿಎಸ್2 ಎಂಬ ಮುಕ್ತ ತಂತ್ರಾಂಶವಿದೆ, ರೈಲ್ ರೂಟ್ ಎಂಬ ಆಟವೂ ಇದೆ.

ದಾವಣಗೆರೆ, ಹರಿಹರದ ಹುಡುಗ ಹುಡುಗಿಯರಿಗೆ ಇದನ್ನು ಕಲಿಯಲು ಒಂದು ಅನುಕೂಲವಿದೆ: ಪಾಠಕ್ಕೆ ಬೇಕಾದುದೆಲ್ಲ ಮನೆ ಪಕ್ಕದ ಹಳಿಯಲ್ಲೇ ಇದೆ. ಆದ್ದರಿಂದ ಇಲ್ಲಿನ ಸೂತ್ರಗಳನ್ನು ನಮ್ಮ ಹಳಿಯ ಮೇಲೇ ಬರೆದಿದ್ದೇನೆ.

1. ಗಾಡಿ ಬಿಡುವ ಮೊದಲು ಹಳಿ ಓದಿ

ಆಟ ತೆರೆದ ಕೂಡಲೇ ಗಡಿಯಾರ ನಿಲ್ಲಿಸಿ. ನಕ್ಷೆಯನ್ನು ಕಾಗದದ ಮೇಲೆ ಕೈಯಾರೆ ಬರೆದುಕೊಳ್ಳಿ. ಮೇನ್ ಲೈನ್ ಯಾವುದು, ಗಾಡಿಯನ್ನು ಪಕ್ಕಕ್ಕೆ ಸರಿಸಿ ನಿಲ್ಲಿಸುವ ಲೂಪ್ ಎಷ್ಟು, ಒಂದು ಹಳಿಯಿಂದ ಇನ್ನೊಂದಕ್ಕೆ ದಾಟುವ ಪಾಯಿಂಟ್ ಎಲ್ಲಿದೆ, ಯಾವ ಪ್ಲಾಟ್‌ಫಾರಂನಿಂದ ಯಾವ ಕಡೆ ಹೊರಡಲು ಸಾಧ್ಯವೇ ಇಲ್ಲ, ಎಲ್ಲವೂ ಅದರಲ್ಲಿರಲಿ. ಸಾಧ್ಯವಿಲ್ಲದ್ದನ್ನು ತಿಳಿದವರು ಅರ್ಧ ಕೆಲಸ ಕಲಿತ ಹಾಗೆ.

ಮೊದಲು ನಮ್ಮ ಊರಿನದನ್ನೇ ಬರೆದು ಕೈ ಪಳಗಿಸಿಕೊಳ್ಳಬಹುದು. ಚಿಕ್ಕಜಾಜೂರು ಕಡೆಯಿಂದ ತೋಳಹುಣಸೆ, ಆಮೇಲೆ ದಾವಣಗೆರೆ, ಮುಂದೆ ಅಮರಾವತಿ ಕಾಲೊನಿ, ಹರಿಹರ, ಅದಾದ ಮೇಲೆ ತುಂಗಭದ್ರೆಯ ಸೇತುವೆ, ಆಚೆ ರಾಣೆಬೆನ್ನೂರಿನ ಸೀಮೆ. ಹರಪನಹಳ್ಳಿ, ಕೊಟ್ಟೂರು ಕಡೆಯ ಹಳಿ ಬಂದು ಕೂಡುವುದು ಅಮರಾವತಿ ಕಾಲೊನಿಯಲ್ಲಿ. ಪ್ರಯಾಣಿಕರಿಗೆ ಅದು ಕಿಟಕಿಯಾಚೆ ಸರಿದುಹೋಗುವ ಸಣ್ಣ ನಿಲ್ದಾಣ. ಕ್ಯಾಬಿನ್‌ನಲ್ಲಿ ಕೂತವರ ಕಣ್ಣಿಗೆ ಮಾತ್ರ ಈ ತುಂಡು ಹಳಿಯಲ್ಲಿ ಅದಕ್ಕಿಂತ ಮುಖ್ಯವಾದ ಜಾಗವಿಲ್ಲ.

2. ಬಣ್ಣ ಗುರುತು ಹಿಡಿಯುವುದು ಅಭ್ಯಾಸವಾಗಲಿ

ಸಿಮ್‌ಸಿಗ್‌ನಲ್ಲಿ ಖಾಲಿ ಹಳಿ ಬೂದು, ದಾರಿ ಕೂಡಿಸಿದ ಹಳಿ ಬಿಳಿ, ಗಾಡಿ ನಿಂತ ಹಳಿ ಕೆಂಪು. ಹೊರಡುವ ಸಿಗ್ನಲ್ ಮೇಲೆ ಒಂದು ಕ್ಲಿಕ್, ತಲುಪುವ ಸಿಗ್ನಲ್ ಮೇಲೆ ಇನ್ನೊಂದು. ನಡುವಿನ ಪಾಯಿಂಟುಗಳು ತಾವೇ ತಿರುಗಿ ದಾರಿ ಬೆಳಗುತ್ತದೆ. ನಮ್ಮ ಸ್ಟೇಷನ್ ಮಾಸ್ಟರ್ ಎದುರಿನ ಪ್ಯಾನೆಲ್‌ನಲ್ಲೂ ಹೆಚ್ಚು ಕಡಿಮೆ ಇದೇ ಕ್ರಮ: ಸಿಗ್ನಲ್ ಬಟನ್, ದಾರಿಯ ಬಟನ್ ಎರಡನ್ನೂ ಒತ್ತಿದರೆ ಬಿಳಿ ದೀಪಗಳ ಸಾಲು ಮೂಡುತ್ತದೆ, ಗಾಡಿ ಬಂದಂತೆ ಅದು ಕೆಂಪಾಗುತ್ತದೆ.

3. ಚಿಕ್ಕ ಕ್ಷೇತ್ರದಿಂದ ಶುರು ಮಾಡಿ

ಸಿಮ್‌ಸಿಗ್‌ನಲ್ಲಿ ಹೊಸಬರು ಹಿಡಿಯುವ ಕ್ಷೇತ್ರ ರಾಯ್‌ಸ್ಟನ್. ಲಂಡನ್ನಿನ ದೊಡ್ಡ ನಿಲ್ದಾಣಗಳ ಆಸೆ ಸದ್ಯಕ್ಕೆ ಬೇಡ.

4. ಎಲ್ಲಿ ನಿಲ್ಲಿಸಬೇಕು ಎಂಬುದನ್ನು ಮೊದಲು ಕಲಿಯಿರಿ

ಹೊಸಬರಿಗೆ ಹಸಿರು ಕೊಡುವ ಆತುರ. ಗಾಡಿ ನಿಂತರೆ ಸೋತೆವು ಎಂಬ ಭಾವನೆ. ಈ ಕೆಲಸದಲ್ಲಿ ನಿಲ್ಲಿಸುವುದೂ ಒಂದು ತೀರ್ಮಾನವೇ, ಬಹಳ ಸಲ ಅದೇ ಒಳ್ಳೆಯ ತೀರ್ಮಾನ. ಕೆಂಪು ತೋರಿಸುವುದಾದರೆ ತಕ್ಕ ಜಾಗದಲ್ಲಿ ತೋರಿಸಬೇಕು, ಅಷ್ಟೆ.

ದಾವಣಗೆರೆಯಲ್ಲಿ ಬೆಳೆದವರಿಗೆ ಇದನ್ನು ವಿವರಿಸಬೇಕಾಗಿಯೇ ಇಲ್ಲ. ಅಶೋಕ ಟಾಕೀಸ್ ಹತ್ತಿರದ ರೈಲ್ವೆ ಗೇಟಿನಲ್ಲಿ ಸ್ಕೂಟರ್ ಆಫ್ ಮಾಡಿ ಕಾದವರು ಈ ಊರಲ್ಲಿ ಲೆಕ್ಕವಿಲ್ಲದಷ್ಟು ಮಂದಿ. ಉದ್ದನೆಯ ಗೂಡ್ಸ್ ಗಾಡಿ ಅಂಥ ಗೇಟಿನ ಮೇಲೆ ಬಾಲ ಚಾಚಿ ನಿಂತರೆ ಊರು ಎರಡು ಭಾಗವಾಗುತ್ತದೆ. ಆಂಬುಲೆನ್ಸ್ ಈ ಕಡೆ, ಆಸ್ಪತ್ರೆ ಆ ಕಡೆ. ಅದೇ ಗೂಡ್ಸನ್ನು ಒಂದು ನಿಲ್ದಾಣ ಹಿಂದೆಯೇ ಲೂಪ್‌ಗೆ ಹಾಕಿ ನಿಲ್ಲಿಸಿದ್ದರೆ ಊರಿಗೆ ತೊಂದರೆಯೇ ತಟ್ಟುತ್ತಿರಲಿಲ್ಲ. ಹರಿಹರದ ಕಡೆ ಸೇತುವೆಯೂ ಹಾಗೆಯೇ. ಅಲ್ಲಿ ನಿಂತ ಗಾಡಿಯಲ್ಲಿ ಏನಾದರೂ ಕೆಟ್ಟರೆ ಗಾರ್ಡ್ ಇಳಿದು ನೋಡಲು ಕಾಲಿಡುವ ಜಾಗವೂ ಇರುವುದಿಲ್ಲ.

ಆದ್ದರಿಂದ ಕಾಗದದ ನಕ್ಷೆಯಲ್ಲಿ ಎರಡು ಗುರುತು ಹಾಕಿಕೊಳ್ಳಿ. ಇಲ್ಲಿ ಎಷ್ಟು ಹೊತ್ತಾದರೂ ನಿಲ್ಲಿಸಬಹುದು, ಇಲ್ಲಿ ಎಂದೂ ನಿಲ್ಲಿಸಬಾರದು. ಗೇಟು, ಸೇತುವೆ, ಎರಡು ಹಳಿ ಕೂಡುವ ಬಾಯಿ, ಇವು ಎರಡನೆಯ ಪಟ್ಟಿಗೆ.

5. 14 ಕಿಲೋಮೀಟರಿನ ಲೆಕ್ಕ ಬಾಯಿಗೆ ಬರಲಿ

ದಾವಣಗೆರೆಯಿಂದ ಹರಿಹರಕ್ಕೆ ಹಳಿಯ ಮೇಲೆ ಸುಮಾರು 14 ಕಿ.ಮೀ. ಗಂಟೆಗೆ 50 ಕಿ.ಮೀ. ವೇಗದ ಗೂಡ್ಸ್‌ಗೆ ಇದು ಹತ್ತಿರ ಹತ್ತಿರ 17 ನಿಮಿಷದ ದಾರಿ. 100 ಕಿ.ಮೀ. ವೇಗದ ಎಕ್ಸ್‌ಪ್ರೆಸ್‌ಗೆ ಎಂಟೂವರೆ ನಿಮಿಷ.

ಈಗ ಒಂದು ಲೆಕ್ಕ ಮಾಡೋಣ. ಗೂಡ್ಸ್ 10 ಗಂಟೆಗೆ ದಾವಣಗೆರೆ ಬಿಟ್ಟಿತು. ನಿಲ್ಲದೆ ಹೋಗುವ ವೇಗದ ಗಾಡಿ 10 ಗಂಟೆ 10 ನಿಮಿಷಕ್ಕೆ ದಾವಣಗೆರೆ ದಾಟಬೇಕು. ಹತ್ತು ನಿಮಿಷದ ಅಂತರವಿದೆಯಲ್ಲ, ಸಾಕು ಅನಿಸುತ್ತದೆ. ನಡುವೆ ಬೇರೆ ನಿಲ್ದಾಣವೇ ಇಲ್ಲ ಎಂದುಕೊಂಡರೆ ಗೂಡ್ಸ್ ಹರಿಹರ ಸೇರುವುದು 10 ಗಂಟೆ 17ಕ್ಕೆ. ಅದು ಪೂರ್ತಿ ಲೂಪ್‌ಗೆ ಹೋಗಿ, ಪಾಯಿಂಟ್ ತಿರುಗಿ, ಮುಂದಿನ ಗಾಡಿ ಬಿಡಲು ಹರಿಹರದವರ ಒಪ್ಪಿಗೆ, ಅಂದರೆ ಲೈನ್ ಕ್ಲಿಯರ್, ಸಿಗುವಷ್ಟರಲ್ಲಿ 10 ಗಂಟೆ 20 ಆದೀತು. ಅಷ್ಟು ಹೊತ್ತು ವೇಗದ ಗಾಡಿ ದಾವಣಗೆರೆಯಲ್ಲಿ ಕೆಂಪು ನೋಡುತ್ತ ನಿಂತಿರಬೇಕು. ನಿಂತದ್ದಕ್ಕೆ ಹತ್ತು ನಿಮಿಷ, ಬ್ರೇಕು ಹಾಕಿ ಮತ್ತೆ ವೇಗ ಹಿಡಿಯುವುದಕ್ಕೆ ಇನ್ನೂ ಒಂದಿಷ್ಟು.

ನಡುವಿನ ಅಮರಾವತಿ ಕಾಲೊನಿಯ ಬೆಲೆ ಗೊತ್ತಾಗುವುದು ಇಲ್ಲೇ. ಗೂಡ್ಸ್ ಅದನ್ನು ದಾಟಿತೆಂದರೆ ಹಿಂದಿನ ಗಾಡಿಯನ್ನು ಅಲ್ಲಿಯವರೆಗೆ ಬಿಡಬಹುದು. ಒಂದು ದೊಡ್ಡ ತುಂಡು ಎರಡಾಯಿತು. ಬೇಕಾದರೆ ಗೂಡ್ಸನ್ನು ಅಲ್ಲೇ ಪಕ್ಕಕ್ಕೆ ಸರಿಸಿ ವೇಗದ ಗಾಡಿಯನ್ನು ಮುಂದೆ ಬಿಡಬಹುದು. ಆಟದಲ್ಲಿ ಯಾವ ಕ್ಷೇತ್ರ ತೆರೆದರೂ ಮೊದಲು ಈ ಕೋಷ್ಟಕ ಮಾಡಿ: ಯಾವ ತುಂಡು ಎಷ್ಟು ಕಿಲೋಮೀಟರು, ನಿಧಾನದ ಗಾಡಿಗೆ ಎಷ್ಟು ನಿಮಿಷ, ವೇಗದ್ದಕ್ಕೆ ಎಷ್ಟು. ಇದೊಂದನ್ನು ಮಾಡಿದವರ ಆಟ ವಾರದೊಳಗೆ ಬದಲಾಗುತ್ತದೆ.

6. ಲೂಪ್‌ನ ಉದ್ದ, ಗಾಡಿಯ ಉದ್ದ

ಬಾಕ್ಸ್‌ಎನ್ ಮಾದರಿಯ 58 ವ್ಯಾಗನ್ನುಗಳ ಗೂಡ್ಸ್ ಎಂದರೆ ವ್ಯಾಗನ್ನುಗಳೇ 620 ಮೀಟರ್. ಎಂಜಿನ್, ಬ್ರೇಕ್ ವ್ಯಾನ್ ಸೇರಿಸಿದರೆ ಇನ್ನೂ ಉದ್ದ. ಇಷ್ಟನ್ನು ಹಿಡಿಸಲಾಗದ ಲೂಪ್‌ಗೆ ಗಾಡಿ ಕಳಿಸಿದರೆ ಬಾಲ ಮೇನ್ ಲೈನಿನಲ್ಲಿ ಉಳಿಯುತ್ತದೆ, ಇಡೀ ವಿಭಾಗ ಕಟ್ಟಿಕೊಳ್ಳುತ್ತದೆ. ಲೂಪ್‌ನ ಪಾಯಿಂಟ್ ಮೇಲೆ ಸಾಮಾನ್ಯವಾಗಿ ಗಂಟೆಗೆ 30 ಕಿ.ಮೀ. ವೇಗ. ಆ ವೇಗದಲ್ಲಿ 700 ಮೀಟರಿನ ಗಾಡಿ ಪಾಯಿಂಟ್ ದಾಟಿ ಮುಗಿಯಲು ಒಂದೂವರೆ ನಿಮಿಷ ಬೇಕು, ಅದೂ ಎಲ್ಲೂ ನಿಧಾನಿಸದೆ ಹೋದರೆ. ‘ಗೂಡ್ಸ್ ಲೂಪ್‌ಗೆ ಹೋಯಿತು’ ಎಂದು ಹೇಳಬೇಕಾದದ್ದು ಕೊನೆಯ ವ್ಯಾಗನ್ ಒಳಗೆ ಬಂದ ಮೇಲೆ.

7. ಕೊನೆಯಿಂದ ಹಿಂದಕ್ಕೆ ಯೋಚಿಸಿ

ಭದ್ರಾ ನಾಲೆಯ ನೀರಿನ ಗಲಾಟೆ ನಮ್ಮ ಜಿಲ್ಲೆಗೆ ಹೊಸದಲ್ಲ. ಮೇಲಿನ ತೂಬು ಎತ್ತಿದವನು ಕೊನೆ ಭಾಗದ ಗದ್ದೆಯನ್ನು ಮರೆತರೆ ಏನಾಗುತ್ತದೆ ಎಂದು ಹರಿಹರ ಸೀಮೆಯ ರೈತರನ್ನು ಕೇಳಬೇಕು. ಸಿಗ್ನಲ್ ಕೊಡುವುದೂ ಅದೇ ಬಗೆಯ ಕೆಲಸ. ಗಾಡಿ ಈಗ ಎಲ್ಲಿದೆ ಎಂದು ನೋಡುವ ಮೊದಲು ಅದು ಕೊನೆಗೆ ಎಲ್ಲಿ ನಿಲ್ಲುತ್ತದೆ, ಆ ಪ್ಲಾಟ್‌ಫಾರಂ ಆ ಹೊತ್ತಿಗೆ ಖಾಲಿ ಇರುತ್ತದೆಯೇ ಎಂದು ನೋಡಿ. ಖಾಲಿ ಇಲ್ಲದಿದ್ದರೆ ಅಲ್ಲಿಂದ ಒಂದೊಂದೇ ನಿಲ್ದಾಣ ಹಿಂದಕ್ಕೆ ಬನ್ನಿ.

8. ನಮ್ಮ ಕ್ರಮ ಬೇರೆ, ಅವರದು ಬೇರೆ

ಸಿಮ್‌ಸಿಗ್‌ನ ಬಹುಪಾಲು ಬ್ರಿಟಿಷ್ ಹಳಿಗಳಲ್ಲಿ ಎರಡು ನಿಲ್ದಾಣಗಳ ನಡುವೆ ಸಿಗ್ನಲ್‌ಗಳ ಸಾಲೇ ಇರುತ್ತದೆ. ಒಂದರ ಹಿಂದೆ ಒಂದು ಗಾಡಿ ಹೋಗುತ್ತಿರುತ್ತದೆ. ನಾವು ಬಲ್ಲ ಆಬ್ಸಲ್ಯೂಟ್ ಬ್ಲಾಕ್ ಪದ್ಧತಿಯಲ್ಲಿ ಎರಡು ನಿಲ್ದಾಣಗಳ ನಡುವಿನ ಒಂದು ಹಳಿಯ ಮೇಲೆ ಒಂದು ಹೊತ್ತಿಗೆ ಒಂದೇ ಗಾಡಿ. ಮುಂದಿನ ಸ್ಟೇಷನ್ ಮಾಸ್ಟರ್ ‘ಲೈನ್ ಕ್ಲಿಯರ್’ ಕೊಡದೆ ಹಿಂದಿನವರು ಗಾಡಿ ಬಿಡುವಂತಿಲ್ಲ. ಅವರು ಕೊಡಬೇಕಾದರೂ ತಮ್ಮ ಮೊದಲ ಸ್ಟಾಪ್ ಸಿಗ್ನಲ್‌ವರೆಗೆ ಹಳಿ ಖಾಲಿ ಇದ್ದರೆ ಸಾಲದು, ಅದರಾಚೆಗೂ ಜಾಗ ಖಾಲಿ ಇರಬೇಕು. ಈಗಿನ ಬಹುಬಣ್ಣದ ಸಿಗ್ನಲ್‌ಗಳಲ್ಲಿ 180 ಮೀಟರ್, ಹಳೆಯ ಕೈಮರದ ಎರಡು ಸೂಚನೆಯ ಸಿಗ್ನಲ್‌ಗಳಲ್ಲಿ 400 ಮೀಟರ್. ಡ್ರೈವರ್ ಬ್ರೇಕು ಹಾಕುವುದರಲ್ಲಿ ಸ್ವಲ್ಪ ತಡವಾದರೂ ಅನಾಹುತ ಆಗದಿರಲಿ ಎಂದು ಬಿಟ್ಟ ಜಾಗ ಅದು.

ಬೆಂಗಳೂರಿನಿಂದ ಬಂದ ಮೀಟರ್ ಗೇಜ್ ಹಳಿ ಮೈಸೂರು ಸಂಸ್ಥಾನದ ಅಂಚಿನ ಹರಿಹರ ಮುಟ್ಟಿದ್ದು 1889ರಲ್ಲಿ. ಆಮೇಲೆ ನೂರು ವರ್ಷಕ್ಕೂ ಮಿಕ್ಕಿ ಅದು ಮೀಟರ್ ಗೇಜ್ ಆಗಿಯೇ ಇತ್ತು. 1990ರ ದಶಕದಲ್ಲಿ ಬ್ರಾಡ್ ಗೇಜ್ ಆಯಿತು. ಒಂಟಿ ಹಳಿಯ ದಿನಗಳಲ್ಲಿ, ಮುಂದಿನ ನಿಲ್ದಾಣದವರೆಗೆ ಹೋಗಲು ಅನುಮತಿಯ ಗುರುತಾದ ಟೋಕನ್ ಕೈಗೆ ಬಾರದೆ ಡ್ರೈವರ್ ಗಾಡಿ ಎತ್ತುತ್ತಿರಲಿಲ್ಲ. ದೊಡ್ಡ ಬಳೆಯಲ್ಲಿ ಸಿಕ್ಕಿಸಿದ ಟೋಕನ್ನನ್ನು ಓಡುವ ಎಂಜಿನ್ನಿಗೆ ಎತ್ತಿ ಹಿಡಿಯುತ್ತಿದ್ದದ್ದನ್ನು ಕಂಡ ಹಿರಿಯರು ಈಗಲೂ ನಮ್ಮ ನಡುವೆ ಇದ್ದಾರೆ. ಅವರ ಹತ್ತಿರ ಕೂತು ಕೇಳಿ. ಬ್ಲಾಕ್ ಪದ್ಧತಿಯ ತಿರುಳು ಪುಸ್ತಕಕ್ಕಿಂತ ಬೇಗ ಅರ್ಥವಾಗುತ್ತದೆ. ಹುಬ್ಬಳ್ಳಿ–ಚಿಕ್ಕಜಾಜೂರು ನಡುವಿನ ಸುಮಾರು 190 ಕಿ.ಮೀ. ಈಗ ಜೋಡಿ ಹಳಿ. ಎದುರು ಬದುರು ಕ್ರಾಸಿಂಗ್‌ನ ತಲೆನೋವು ಹೋಗಿದೆ, ಹಿಂದಿನದು ಮುಂದಿನದನ್ನು ದಾಟುವ ಲೆಕ್ಕ ಉಳಿದಿದೆ.

9. ಕಂಡದ್ದನ್ನು ನಂಬಿ, ನೆನಪನ್ನು ನಂಬಬೇಡಿ; ಕಂಡದ್ದನ್ನೂ ಒಮ್ಮೆ ಪರೀಕ್ಷಿಸಿ

ಈ ಸೂತ್ರಕ್ಕೆ ಉದಾಹರಣೆ ನಮ್ಮ ಪಕ್ಕದಲ್ಲೇ ಇದೆ. ಬೀರೂರು–ಚಿಕ್ಕಜಾಜೂರು ನಡುವಿನ ಹೊಸದುರ್ಗ ರೋಡ್ ನಿಲ್ದಾಣ. 2023ರ ಫೆಬ್ರವರಿ 8. 12649 ಸಂಪರ್ಕ ಕ್ರಾಂತಿ ಎಕ್ಸ್‌ಪ್ರೆಸ್ ಹೋಗಬೇಕಾದ ಹಳಿ ಒಂದು, ಪಾಯಿಂಟ್ ಕೂಡಿದ್ದದ್ದು ಇನ್ನೊಂದು ಹಳಿಗೆ. ಲೋಕೋ ಪೈಲಟ್ ಕಣ್ಣಿಟ್ಟು ನೋಡಿ ಗಾಡಿ ನಿಲ್ಲಿಸಿದ್ದರಿಂದ ಅನಾಹುತ ತಪ್ಪಿತು. ನೈಋತ್ಯ ರೈಲ್ವೆಯ ಆಪರೇಟಿಂಗ್ ವಿಭಾಗದ ಮುಖ್ಯಸ್ಥರು ಮರುದಿನವೇ ಪತ್ರ ಬರೆದು, ಇಂಟರ್‌ಲಾಕಿಂಗ್‌ನ ಮೂಲ ತತ್ವವೇ ಇಲ್ಲಿ ಮುರಿದಿದೆ ಎಂದು ಎಚ್ಚರಿಸಿದರು. ನಾಲ್ಕು ತಿಂಗಳೂ ಆಗಿರಲಿಲ್ಲ. ಜೂನ್ 2ರಂದು ಒಡಿಶಾದ ಬಹನಾಗಾ ಬಜಾರ್‌ನಲ್ಲಿ ಕೋರಮಂಡಲ್ ಎಕ್ಸ್‌ಪ್ರೆಸ್‌ಗೆ ಮೇನ್ ಲೈನಿನ ಹಸಿರು ಸಿಕ್ಕಿತ್ತು, ಪಾಯಿಂಟ್ ಮಾತ್ರ ಗೂಡ್ಸ್ ನಿಂತಿದ್ದ ಲೂಪ್‌ಗೆ ಕೂಡಿತ್ತು. 290ಕ್ಕೂ ಹೆಚ್ಚು ಜನ ಸತ್ತರು. ಸಿಗ್ನಲ್ ಸರ್ಕ್ಯೂಟ್ ಬದಲಾಯಿಸಿದ ಕೆಲಸದಲ್ಲಿ ನಡೆದ ತಪ್ಪನ್ನು ತನಿಖೆ ಎತ್ತಿ ತೋರಿಸಿತು.

ಇಂಟರ್‌ಲಾಕಿಂಗ್ ಎಂದರೆ ಒಂದಕ್ಕೊಂದು ವಿರುದ್ಧವಾದ ಎರಡು ದಾರಿ ಒಟ್ಟಿಗೆ ಕೂಡದಂತೆ ಹಾಕಿದ ಬೀಗ. ಕಂಪ್ಯೂಟರ್ ಆಟದಲ್ಲಿ ಈ ಬೀಗ ಕೆಡುವುದಿಲ್ಲ. ಹಾಗಾಗಿ ಕಲಿಯುವವರು ಎಲ್ಲವನ್ನೂ ಯಂತ್ರಕ್ಕೆ ಬಿಟ್ಟು ಹಗುರಾಗುತ್ತಾರೆ. ಅದು ಬೇಡ. ದಾರಿ ಕೂಡಿಸಿದ ಮೇಲೆ ಬಿಳಿ ಗೆರೆಯ ಮೇಲೆ ಮೊದಲಿನಿಂದ ಕೊನೆಯವರೆಗೆ ಒಮ್ಮೆ ಕಣ್ಣಾಡಿಸಿ. ಪ್ರತಿ ಸಲ, ಪ್ರತಿ ಗಾಡಿಗೆ. ಆಟದಲ್ಲಿ ಪಾಯಿಂಟ್ ಕೆಡುವ, ಹಳಿಯ ಮೇಲೆ ಗಾಡಿ ಇದೆಯೇ ಎಂದು ತಿಳಿಸುವ ಟ್ರ್ಯಾಕ್ ಸರ್ಕ್ಯೂಟ್ ಕೆಡುವ ಸೌಲಭ್ಯವಿದ್ದರೆ, ಕೈ ಪಳಗಿದ ಮೇಲೆ ಅದನ್ನು ಖಂಡಿತ ಹಾಕಿಕೊಳ್ಳಿ. ಸುಸೂತ್ರವಾಗಿ ನಡೆಯುವ ದಿನ ಯಾರು ಬೇಕಾದರೂ ಗಾಡಿ ಓಡಿಸುತ್ತಾರೆ. ಕೆಟ್ಟ ದಿನ ತಾಳ್ಮೆ ಬಿಡದವರೇ ಈ ಕೆಲಸಕ್ಕೆ ಬೇಕಾದವರು.

ಬೀಗಕ್ಕೂ ಒಂದು ಮಿತಿ ಇದೆ. ಅದು ಡಿಕ್ಕಿಯನ್ನು ತಡೆಯುತ್ತದೆ, ತಪ್ಪು ಯೋಜನೆಯನ್ನು ತಡೆಯುವುದಿಲ್ಲ. ವಂದೇ ಭಾರತ್ ಮುಂದೆ ಗೂಡ್ಸ್ ಬಿಟ್ಟರೆ ಯಾವ ಯಂತ್ರವೂ ಬೇಡ ಅನ್ನುವುದಿಲ್ಲ.

10. ಕೊಟ್ಟ ಸಿಗ್ನಲ್ ಕಿತ್ತುಕೊಳ್ಳಬೇಡಿ

ಗಾಡಿ ಹತ್ತಿರ ಬಂದಾಗ ದಾರಿ ರದ್ದು ಮಾಡಿದರೆ ಅದು ತಕ್ಷಣ ಬಿಡಿಸಿಕೊಳ್ಳುವುದಿಲ್ಲ. ನಮ್ಮ ಪ್ಯಾನೆಲ್‌ಗಳಲ್ಲಿ ತುರ್ತು ರದ್ದತಿಗೆ 120 ಸೆಕೆಂಡ್ ಕಾಯಬೇಕು. ಆ ಎರಡು ನಿಮಿಷ ಯಾರಿಗೂ ಉಪಯೋಗವಿಲ್ಲ, ಹಿಂದಿನ ಗಾಡಿಗೂ ಪೆಟ್ಟು.

11. ಫೋನಿನಲ್ಲಿ ಕೇಳಿದ್ದನ್ನು ತಿರುಗಿ ಹೇಳಿ

ಸಿಮ್‌ಸಿಗ್‌ನಲ್ಲಿ ಡ್ರೈವರ್ ಫೋನ್ ಮಾಡುತ್ತಾನೆ: ಕೆಂಪು ಸಿಗ್ನಲ್ ಎದುರು ನಿಂತಿದ್ದೇನೆ, ದಾರಿ ತಪ್ಪಾಗಿದೆ. ಅವನ ಗಾಡಿ ಯಾವುದು, ಯಾವ ಸಿಗ್ನಲ್ ಎಂದು ನೋಡದೆ ಉತ್ತರ ಒತ್ತಬೇಡಿ. ನಮ್ಮ ರೈಲ್ವೆಯಲ್ಲಿ ಇದಕ್ಕೊಂದು ಚೆಂದದ ಕಟ್ಟುಪಾಡಿದೆ: ಪ್ರೈವೇಟ್ ನಂಬರ್. ಗೇಟು ಹಾಕಿದೆ ಎಂದು ಗೇಟ್‌ಮ್ಯಾನ್ ಬಾಯಲ್ಲಿ ಹೇಳಿದರೆ ಸಾಲದು, ತನ್ನ ಹಾಳೆಯಿಂದ ಒಂದು ಸಂಖ್ಯೆ ಕೊಡಬೇಕು. ಕೊಟ್ಟದ್ದನ್ನು ಹೊಡೆದು ಹಾಕಬೇಕು. ಮಾತಿಗೆ ಸಾಕ್ಷಿ ಅದು.

12. ಇಬ್ಬರು ಕೂತು ಆಡಿ

ಕಂಪ್ಯೂಟರ್ ಇಲ್ಲದವರೂ ಇದನ್ನು ಮಾಡಬಹುದು. ಒಬ್ಬರು ದಾವಣಗೆರೆ, ಒಬ್ಬರು ಹರಿಹರ. ನಡುವೆ ಕಾಗದದ ನಕ್ಷೆ, ನಾಣ್ಯಗಳೇ ಗಾಡಿಗಳು. ಇಬ್ಬರೂ ಬೇರೆ ಬೇರೆ ಕೋಣೆಯಲ್ಲಿ ಮೊಬೈಲ್ ಹಿಡಿದು ಮಾತಾಡಿ.

“ಹರಿಹರ ಮಾಸ್ಟರ್, 12079 ಜನಶತಾಬ್ದಿಗೆ ಲೈನ್ ಕ್ಲಿಯರ್ ಕೊಡ್ತೀರಾ ಸಾರ್?”

“ಸ್ವಲ್ಪ ತಡೀರಿ ಸಾರ್, ಗೂಡ್ಸ್ ಇನ್ನೂ ಪೂರ್ತಿ ಒಳಗೆ ಬಂದಿಲ್ಲ. ಬಂದ ಮೇಲೆ ನಾನೇ ಹೇಳ್ತೀನಿ.”

“ಆಯ್ತು ಸಾರ್. 12079, ಲೈನ್ ಕ್ಲಿಯರ್ ಇಲ್ಲ, ಗೂಡ್ಸ್ ಬರಬೇಕು.”

ಕೊನೆಯ ಸಾಲನ್ನು ಬಿಡಬೇಡಿ. ಕೇಳಿದ್ದನ್ನು ಹಾಗೇ ತಿರುಗಿ ಹೇಳಿದಾಗಲೇ ಇಬ್ಬರ ತಲೆಯಲ್ಲೂ ಒಂದೇ ಚಿತ್ರ ಮೂಡಿದೆ ಎಂದು ಗೊತ್ತಾಗುವುದು. ಆಮೇಲೆ ಮೂರನೆಯವರನ್ನು ಅಮರಾವತಿ ಕಾಲೊನಿಯಲ್ಲಿ ಕೂರಿಸಿ, ಕೊಟ್ಟೂರು ಕಡೆಯಿಂದ ಒಂದು ಗಾಡಿ ತನ್ನಿ. ಆಟದ ಬಿಸಿ ಆಗ ತಟ್ಟುತ್ತದೆ.

13. ಗಡಿಯಾರ ಓಡಿಸಬೇಡಿ

ಬೇಸರವಾಯಿತೆಂದು ಸಮಯದ ವೇಗ ಹೆಚ್ಚಿಸುವ ಚಾಳಿ ಬೇಡ. ಗಾಡಿ ಇಲ್ಲದ ಐದು ನಿಮಿಷವೇ ಮುಂದಿನ ಅರ್ಧ ಗಂಟೆ ಯೋಚಿಸಲು ಸಿಗುವ ಸಮಯ.

14. ರಿಜಿಸ್ಟರ್ ಬರೆಯಿರಿ

ಗಾಡಿ ಸಂಖ್ಯೆ, ಬಂದ ಹೊತ್ತು, ಬಿಟ್ಟ ಹೊತ್ತು, ತಡವಾಗಿದ್ದರೆ ಕಾರಣ. ನಾಲ್ಕೇ ಕಾಲಂ ಸಾಕು. ‘ತಡ: 6 ನಿಮಿಷ, ಗೂಡ್ಸ್ ಮೊದಲು ಬಿಟ್ಟದ್ದರಿಂದ’ ಎಂದು ನಿಮ್ಮ ಕೈಯಲ್ಲೇ ಬರೆದ ಸಾಲು ಮಾರನೆಯ ದಿನ ಕಲಿಸುವಷ್ಟನ್ನು ತೆರೆಯ ಮೇಲಿನ ಅಂಕಗಳು ಕಲಿಸುವುದಿಲ್ಲ. ಸಂಖ್ಯೆಯಿಂದಲೇ ಗಾಡಿಯ ಜಾತಿ ಗುರುತಿಸುವುದನ್ನೂ ರೂಢಿಸಿಕೊಳ್ಳಿ. ಬ್ರಿಟಿಷ್ ಕ್ರಮದಲ್ಲಿ ನಾಲ್ಕು ಅಕ್ಷರದ ಗುರುತು; 1ರಿಂದ ಶುರುವಾದರೆ ಎಕ್ಸ್‌ಪ್ರೆಸ್, 2 ಆದರೆ ಸಾಮಾನ್ಯ ಪ್ಯಾಸೆಂಜರ್, 6 ಆದರೆ ಗೂಡ್ಸ್. ನಮ್ಮಲ್ಲಿ 2010ರ ಡಿಸೆಂಬರ್‌ನಿಂದ ಐದು ಅಂಕಿ, ಸೊನ್ನೆಯಿಂದ ಶುರುವಾದರೆ ವಿಶೇಷ ಗಾಡಿ.

15. ಪ್ಲಾಟ್‌ಫಾರಂ ಟಿಕೆಟ್ ತಗೊಂಡು ಒಂದು ಬೆಳಗು ಕೂರಿ

ದಾವಣಗೆರೆ ನಿಲ್ದಾಣದ ಪ್ಲಾಟ್‌ಫಾರಂ ತುದಿಯಿಂದ, ಗಾಡಿಗೆ ಹೊರಡಲು ಅನುಮತಿ ಕೊಡುವ ಸ್ಟಾರ್ಟರ್ ಸಿಗ್ನಲ್ ಕಾಣುತ್ತದೆ. ಕೆಂಪು ಯಾವಾಗ ಹಳದಿಯಾಯಿತು, ಎಷ್ಟು ಹೊತ್ತಿಗೆ ಗಾಡಿ ಹೊರಟಿತು, ಎಂಜಿನ್ ದಾಟುತ್ತಲೇ ಅದು ಹೇಗೆ ಕೆಂಪಿಗೆ ತಿರುಗಿತು ಎಂದು ಬರೆದುಕೊಳ್ಳಿ. 2023ರ ಜೂನ್ 27ರಂದು ಶುರುವಾದ ಬೆಂಗಳೂರು–ಧಾರವಾಡ ವಂದೇ ಭಾರತ್ ಬರುವ ಹೊತ್ತಿಗೆ ಉಳಿದ ಗಾಡಿಗಳನ್ನು ಎಲ್ಲೆಲ್ಲಿ ಸರಿಸಿದ್ದಾರೆ ನೋಡಿ. ಹಳಿಗೆ ಇಳಿಯಬೇಡಿ, ಪ್ಯಾನೆಲ್ ರೂಮಿಗೆ ನುಗ್ಗಬೇಡಿ, ಕೆಲಸದಲ್ಲಿರುವ ಮಾಸ್ಟರನ್ನು ಮಾತಿಗೆಳೆಯಬೇಡಿ. ಹಳೆಯ ಸಲಕರಣೆ ಹತ್ತಿರದಿಂದ ನೋಡಬೇಕೆಂದರೆ 2020ರಲ್ಲಿ ತೆರೆದ ಹುಬ್ಬಳ್ಳಿಯ ರೈಲು ವಸ್ತುಸಂಗ್ರಹಾಲಯವಿದೆ, 1979ರಿಂದ ಇರುವ ಮೈಸೂರಿನದೂ ಇದೆ.

16. ಕೆಲಸವನ್ನಾಗಿ ಮಾಡಿಕೊಳ್ಳುವ ಆಸೆಯಿದ್ದರೆ

ಸ್ಟೇಷನ್ ಮಾಸ್ಟರ್ ಹುದ್ದೆಗೆ ಪದವಿ ಬೇಕು. ರೈಲ್ವೆ ನೇಮಕಾತಿ ಮಂಡಳಿಯ ಎನ್‌ಟಿಪಿಸಿ ಪರೀಕ್ಷೆಯ ಮೂಲಕ ಆಯ್ಕೆ, ಅದರ ಲಿಖಿತ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು. ಆಟದಲ್ಲಿ ಗೆದ್ದ ಅಂಕಗಳಿಗೆ ಅಲ್ಲಿ ಬೆಲೆ ಇಲ್ಲ. ಆದರೆ ಈ ಹುದ್ದೆಗೆ ಬೇರೆ ಹೆಚ್ಚಿನ ಹುದ್ದೆಗಳಿಗಿಲ್ಲದ ಒಂದು ಹಂತವಿದೆ: ಕಂಪ್ಯೂಟರ್ ಆಧಾರಿತ ಆಪ್ಟಿಟ್ಯೂಡ್ ಟೆಸ್ಟ್. ಗಮನ, ನೆನಪು, ಚುರುಕನ್ನು ಅಳೆಯುವ ಆ ಪರೀಕ್ಷೆಯ ಪ್ರತಿಯೊಂದು ಭಾಗದಲ್ಲೂ ಕನಿಷ್ಠ 42 ಟಿ-ಸ್ಕೋರ್ ಬರಲೇಬೇಕು. ಒಂದರಲ್ಲಿ ಹೆಚ್ಚು ಬಂದರೆ ಇನ್ನೊಂದರ ಕೊರತೆ ತುಂಬುವುದಿಲ್ಲ. ಲಿಖಿತ ಪರೀಕ್ಷೆಯಲ್ಲಿ ಮುಂದಿದ್ದವರೂ ಇಲ್ಲಿ ಉಳಿದುಬಿಡಬಹುದು. ಆದ್ದರಿಂದ ಅರ್ಜಿ ಹಾಕಿದ ದಿನದಿಂದಲೇ ಗಣಿತ, ಸಾಮಾನ್ಯ ಜ್ಞಾನದ ಜೊತೆಗೆ ಇದಕ್ಕೂ ದಿನಕ್ಕೆ ಅರ್ಧ ಗಂಟೆ ತೆಗೆದಿಡಿ. ಕಣ್ಣಿನ ದೃಷ್ಟಿಯ ವೈದ್ಯಕೀಯ ಮಟ್ಟವೂ ಈ ಹುದ್ದೆಗೆ ಬಿಗಿ; ಅರ್ಜಿ ತುಂಬುವ ಮೊದಲೇ, ಬಣ್ಣ ಗುರುತಿಸುವ ಶಕ್ತಿಯನ್ನೂ ಸೇರಿಸಿ, ಒಬ್ಬ ಕಣ್ಣಿನ ವೈದ್ಯರ ಹತ್ತಿರ ಪರೀಕ್ಷೆ ಮಾಡಿಸಿಕೊಳ್ಳಿ.